ಅವ್ವಗ ಕೇಳಂಗಿಲ್ಲ

ಡೀಸೆಲ್ ಹೊಗೆಯಲ್ಲಿ ಇನ್ನೊಂದು ಹೊಗೆ ಬೆರೆತರೆ ನನ್ನ ಮೂಗಿಗೆ ತಟ್ಟನೆ ಗೊತ್ತಾಗುತ್ತದೆ. ಹೋದ ತಿಂಗಳು ಮುಧೋಳದ ಕಡೆ ಒಂದು ಮದುವೆಗೆ ಮೈಕ್ ಸೆಟ್ ಹಾಕಿದ್ದೆ. ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಕುಳಿತಿದ್ದರು. ಜನರೇಟರಿಗೆ ಎಣ್ಣೆ ಹಾಕಲು ಮಂಗಲ ಕಾರ್ಯಾಲಯದ ಹಿಂದೆ ಹೋದರೆ ಗೋಡೆಗೆ ಆತುಕೊಂಡು ನಾಲ್ಕೈದು ಜನ ಹುಡುಗರು ನಿಂತಿದ್ದರು. ಹಸಿ ಹುಲ್ಲು ಸುಟ್ಟಂಥ, ಸ್ವಲ್ಪ ಸಿಹಿ, ಸ್ವಲ್ಪ ಕಮಟು ವಾಸನೆ. ಗಾಂಜಾ. ಅದಾದರೂ ಇರಲಿ, ಮದುವೆ ಮನೆಗಳಲ್ಲಿ ನಾನು ನೋಡದ್ದೇನಿದೆ ಎಂದು ಸುಮ್ಮನಾಗುತ್ತಿದ್ದೆ. ಆದರೆ ಅವರಲ್ಲೊಬ್ಬನ ಮೊಬೈಲಿನಲ್ಲಿ ಆ ಹಾಡು ಹತ್ತಿತ್ತು...

"ಬಂದ್ ಮಾಡ್ರಲೇ ಅದನ್ನ!" ಎಂದು ಚೀರಿದೆ. ಹುಡುಗರು ಬೆಚ್ಚಿ ಬೀಡಿ ಕೆಳಗೆ ಹಾಕಿದರು. ಸಿಟ್ಟು ಯಾವುದರ ಮೇಲೆ ಎಂದು ಅವರಿಗೆ ಪಾಪ ಹೇಗೆ ತಿಳಿಯಬೇಕು? ಒಬ್ಬ ಮಾತ್ರ ಧೈರ್ಯ ಮಾಡಿ, "ಯಾಕ್ರೀ ಕಾಕಾ, ನಮ್ಮ ಕಡೇವ್ರs ಮಾಡಿದ ಹಾಡ ಐತ್ರಿ, ಭಾಳ ಛಲೋ ಐತಿ" ಎಂದ. ಆ ಹಾಡಿನಲ್ಲಿ ಬರುವ ಅವ್ವ ನಮ್ಮ ಎದುರುಮನೆಯಲ್ಲಿ ಇದ್ದಳು ಎಂದು ಹೇಳಲೇ?

ರಬಕವಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಸಾಕು, ಪಾವರಲೂಮಿನ ಖಟಖಟ ಶುರು. ಹೊರಗಿನಿಂದ ಬಂದ ಬೀಗರು ಒಂದು ದಿನ ನಿಲ್ಲುವುದಿಲ್ಲ, ತಲೆ ಹಿಡಿದುಕೊಂಡು ಬಸ್ ಹತ್ತುತ್ತಾರೆ. ನಮಗೆ ಮಾತ್ರ ಕರೆಂಟ್ ಹೋಗಿ ಆ ಸದ್ದು ನಿಂತರೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಎದುರುಮನೆಯ ಆಕೆಗೆ ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮದುವೆಯಾಗಿ ಬಂದ ವರ್ಷವೇ ಸಾವಕಾರರ ಶೆಡ್ಡಿನಲ್ಲಿ ಮಗ್ಗಕ್ಕೆ ನಿಂತವಳು. ಎಡಕ್ಕೊಂದು ಮಗ್ಗ, ಬಲಕ್ಕೊಂದು ಮಗ್ಗ, ನಡುವೆ ಕಾಕು. ಕಿವಿ ಯಾವಾಗ ಹೋಯಿತು ಎಂಬುದು ಆಕೆಗೂ ಗೊತ್ತಿಲ್ಲ. ಒಮ್ಮೆಲೇ ಹೋಗಲಿಲ್ಲವಲ್ಲ, ದಿನಾ ಒಂದಿಷ್ಟು ಹೋಗಿ, ಕಡೆಗೆ ಏನೂ ಉಳಿಯಲಿಲ್ಲ.

ಆದರೆ ಕಾಕುವಿನ ಜೊತೆ ಮಾತಾಡುವುದು ಕಷ್ಟವಿರಲಿಲ್ಲ. ಆ ಗದ್ದಲದಲ್ಲಿ ಕೆಲಸ ಮಾಡುವ ನೇಕಾರರೆಲ್ಲ ಒಬ್ಬರ ಬಾಯಿ ಒಬ್ಬರು ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಎಳೆ ಹರಿದದ್ದು, ಮಗಳಿಗೆ ಗಂಡು ಬಂದದ್ದು, ಸಾವಕಾರರು ಸಿಟ್ಟಾದದ್ದು, ಎಲ್ಲ ಸದ್ದಿಲ್ಲದೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಕಾಕು ಇದರಲ್ಲಿ ಎಲ್ಲರಿಗಿಂತ ಮುಂದು. ಕಟ್ಟೆಯ ಮೇಲೆ ಕುಳಿತು ಓಣಿಯ ಆಚೆ ನಿಂತವರ ಮಾತನ್ನೂ ಹಿಡಿಯುತ್ತಿದ್ದಳು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿ ಪಿಸುಗುಟ್ಟಿದರೆ, "ಯಾಕವಾ, ನನ್ನ ಸುದ್ದೀನs ಇರಬೇಕು, ಬಾಯಿ ಮುಚ್ಚೀರಿ" ಎಂದು ನಗುತ್ತಿದ್ದಳು. ಆ ನಗು... ದೊಡ್ಡ ನಗು. ತನ್ನ ದನಿ ಎಷ್ಟು ಜೋರು ಎಂಬುದು ಆಕೆಗೆ ತಿಳಿಯುತ್ತಿರಲಿಲ್ಲ.

ಆಕೆಯ ಗಂಡ ಒಳ್ಳೆಯ ನೇಕಾರನಾಗಿದ್ದನಂತೆ. ಗಲಗಲಿಯ ಹೊಳೆದಂಡೆಯಲ್ಲಿ ಬಂದು ಇಳಿಯುವ ಬಾವಾ ಸಾಧುಗಳ ಜೊತೆ ಕುಳಿತು ಚಿಲುಮೆ ಸೇದುವುದು ಕಲಿತ. ಮೊದಲು ಅಮಾವಾಸ್ಯೆಗೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಮಗ್ಗ ಬಿಟ್ಟು ಅದೇ ಕೆಲಸ. ಒಂದು ದಿನ ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ಅವನ ಚಪ್ಪಲಿ ಸಿಕ್ಕವು, ಕೆಳಗೆ ನೀರಿನಲ್ಲಿ ಅವನು ಸಿಕ್ಕ. ಮಗ ಆಗಿನ್ನೂ ಶಾಲೆಗೆ ಹಚ್ಚುವ ವಯಸ್ಸಿನವನು. ಆವತ್ತಿನಿಂದ ಕಾಕುವಿಗೆ ಒಂದೇ ಭಯ. ಮಗ ಆ ಹೊಗೆಗೆ ಹೋಗಬಾರದು. ಬೇರೆ ಏನು ಬೇಕಾದರೂ ಆಗಲಿ, ಕಲಿಯದಿರಲಿ, ದುಡಿಯದಿರಲಿ. ಅದೊಂದು ಬೇಡ. ಮಗ ಹೊರಗಿನಿಂದ ಬಂದರೆ ಮೊದಲು ಅಂಗಿಯ ವಾಸನೆ ನೋಡುತ್ತಿದ್ದಳು, ಆಮೇಲೆ ತಾಟು ಹಾಕುತ್ತಿದ್ದಳು.

ಮಗ ಹಾಡುಗಾರನಾದ. ಹಾಡು ಎಂದರೆ ನಾವು ತಿಳಿದ ಹಾಡಲ್ಲ. ಮಾತನ್ನೇ ತಾಳಕ್ಕೆ ಹೊಡೆಯುವುದು, ಹಿಂದೆ ಗಿಟಾರು ಕಿರುಚುವುದು, ಡ್ರಮ್ಮು ಎದೆಗೆ ಗುದ್ದುವುದು. ಜಮಖಂಡಿಯವನೊಬ್ಬ ಗಿಟಾರಿಗೆ, ಬೀಳಗಿಯವನೊಬ್ಬ ಡ್ರಮ್ಮಿಗೆ, ಇವನು ಮೈಕಿಗೆ. ಮೈಕು ನನ್ನದೇ. ಮೊದಲು ಕೇಳಿದಾಗ "ಇದೇನಪಾ, ಹಾಡೋ ಜಗಳೋ?" ಎಂದಿದ್ದೆ. "ಎರಡೂ ಹೌದ್ರಿ ಅಣ್ಣಾ" ಎಂದ. ಸುಳ್ಳು ಹೇಳುವುದಿಲ್ಲ, ಹುಡುಗನಲ್ಲಿ ಏನೋ ಇತ್ತು. ಶೆಡ್ಡಿಗೆ ನನ್ನ ಮೈಕ್ ಒಯ್ದು, ತಾಯಿಯ ಮಗ್ಗದ ಖಟಖಟವನ್ನೇ ಹಿಡಿದು ತಂದು ಅದರ ಮೇಲೆ ಹಾಡು ಕಟ್ಟಿದ್ದ. ಲಾಳಿ ಅತ್ತ ಹೋಗಿ ಇತ್ತ ಬರುವುದು ಹಾಗೇ ಕೇಳುತ್ತಿತ್ತು. ಮೈ ಜುಮ್ ಎಂದಿತು ನನಗೆ.

ಆಲ್ಬಮ್ಮಿಗೆ 'ಕಬ್ಬಿನ ಹೊಲದಾಗ' ಎಂದು ಹೆಸರಿಟ್ಟರು. ಎತ್ತರ ಬೆಳೆದ ಕಬ್ಬಿನ ನಡುವೆ ಗೆಳೆಯರೆಲ್ಲ ಸೇರುವುದು, ಕುಣಿಯುವುದು, ಸಾವಕಾರರಿಗೆ ಸಲಾಮು ಹೊಡೆಯುವುದಿಲ್ಲ ಎನ್ನುವುದು, ಹಿರಿಯರ ಬುದ್ಧಿಮಾತು ಹೊಳೆಗೆ ಹಾಕು ಎನ್ನುವುದು, ಮತ್ತೆ ಮತ್ತೆ ಸೊಪ್ಪಿನ ಸ್ತುತಿ. ಸೊಪ್ಪು ಎಂದರೆ ಗೊತ್ತಲ್ಲ. ಎಲ್ಲದಕ್ಕಿಂತ ಹೆಚ್ಚು ಓಡಿದ್ದು ಈ ಹಾಡು:

ಅವ್ವಗ ಕೇಳಂಗಿಲ್ಲ, ದೇವ್ರು ನೋಡಂಗಿಲ್ಲ,
ಹಚ್ಚಲೇ ದೋಸ್ತಾ, ಯಾರೂ ಬೈಯಂಗಿಲ್ಲ!

"ನೀ ಸೇದ್ತಿಯೇನೋ?" ಎಂದು ನೇರವಾಗಿಯೇ ಕೇಳಿದ್ದೆ. "ಇಲ್ರೀ ಅಣ್ಣಾ, ನಮ್ಮವ್ವನ ಆಣಿ. ಇದು ಬರೇ ಹಾಡು. ಜನಕ್ಕ ಇದs ಬೇಕು" ಎಂದ. ಆಗ ಅದು ಖರೆಯೇ ಇತ್ತು ಎಂದು ಇವತ್ತಿಗೂ ನಂಬುತ್ತೇನೆ.

ಹಾಡುವಾಗ, ವಿಡಿಯೋ ಮಾಡುವಾಗ ಅವನು ಮೂಗಿನಿಂದ ಗದ್ದದವರೆಗೆ ಬಿಗಿಯಾಗಿ ಒಂದು ವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಹತ್ತಿಯ ಧೂಳು ಒಳಗೆ ಹೋಗದಿರಲೆಂದು ನೇಕಾರರು ಕಟ್ಟಿಕೊಳ್ಳುತ್ತಾರಲ್ಲ, ಅದೇ. ನೋಡಿದವರು ಏನು ಸ್ಟೈಲ್, ಏನು ಠೀವಿ ಎಂದು ಹೊಗಳಿದ್ದೇ ಹೊಗಳಿದ್ದು. ಜಮಖಂಡಿ, ಮುಧೋಳದ ಹುಡುಗರೂ ಹಾಗೇ ಕಟ್ಟಿಕೊಂಡು ಬೈಕ್ ಮೇಲೆ ತಿರುಗತೊಡಗಿದರು. ಖರೆ ಕಾರಣ ನನಗೆ ಮಾತ್ರ ಗೊತ್ತಿತ್ತು. ವಿಡಿಯೋ ಬಂದಾಗಲೆಲ್ಲ ಕಾಕು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದಳು. ಬಾಯಿ ಕಂಡರೆ ಮುಗಿಯಿತು. "ಇದನ್ನೊಂದು ಕಟ್ಟಿಕೊಂಡ್ರ ಅಕೀಗೆ ತಿಳ್ಯಂಗಿಲ್ರೀ ಅಣ್ಣಾ" ಎಂದು ನಗುತ್ತ ಹೇಳಿದ್ದ. ಕಾಕು ಓಣಿಯವರಿಗೆಲ್ಲ ಆ ವಿಡಿಯೋ ತೋರಿಸಿ, "ನೇಕಾರರ ಕಷ್ಟದ ಮ್ಯಾಲ ಹಾಡ್ಯಾನ ನನ್ನ ಮಗ" ಎನ್ನುತ್ತಿದ್ದಳು. ಅವನೇ ಹಾಗೆ ಹೇಳಿದ್ದ. ಆಕೆಯ ಮುಖ ನೋಡಿ ಯಾರಿಗೂ ಇಲ್ಲ ಎನ್ನುವ ಮನಸ್ಸಾಗಲಿಲ್ಲ.

ಪೂರ್ತಿ ಸುಳ್ಳೂ ಅಲ್ಲ ಅದು. ಆಲ್ಬಮ್ಮಿನ ಕಡೆಯ ಹಾಡು ಕಾಕುವಿನದೇ. ಎರಡು ಮಗ್ಗಗಳ ನಡುವೆ ನಿಂತ ತಾಯಿಯ ಹಾಡು. ಸಮೀರವಾಡಿಯ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಲ್ಬಮ್ ಬಿಡುಗಡೆಯ ಕಾರ್ಯಕ್ರಮ ಇಟ್ಟುಕೊಂಡಾಗ ಅವನಿಗೆ ಒಂದು ಹುಕಿ ಬಂತು. ಅವ್ವ ಬರಬೇಕು, ಮುಂದಿನ ಸಾಲಿನಲ್ಲಿ ಕೂಡಬೇಕು. ಉಳಿದ ಹಾಡುಗಳಿಗೆಲ್ಲ ಬಾಯಿ ಕಟ್ಟಿಕೊಂಡಿರುತ್ತೇನೆ, ಆಕೆಯ ಹಾಡಿಗೆ ಮಾತ್ರ ಬಿಚ್ಚುತ್ತೇನೆ, ಆಕೆ ಒಂದೊಂದು ಮಾತೂ ಓದಿಕೊಳ್ಳಲಿ ಎಂದು ಲೆಕ್ಕ ಹಾಕಿದ. "ಬ್ಯಾಡಲೇ, ಬೆಂಕಿ ಜೋಡಿ ಸರಸ ಬ್ಯಾಡ" ಎಂದೆ. ಕೇಳಬೇಕಲ್ಲ!

ಕಾಕು ತಾನೇ ನೇಯ್ದ ಹಸಿರು ಸೀರೆ ಉಟ್ಟು ಬಂದಿದ್ದಳು. ಹಣೆಗೆ ವಿಭೂತಿ, ತಲೆಯ ಮೇಲೆ ಸೆರಗು. ಹಾಡು ಶುರುವಾದಾಗ ಸುತ್ತಲಿನವರು ಕುಣಿಯುವುದನ್ನು ನೋಡಿ ತಾನೂ ತಲೆದೂಗುತ್ತಿದ್ದಳು. ನಾನು ಬದಿಯಲ್ಲಿ ಮಿಕ್ಸರಿನ ಮುಂದೆ ಕುಳಿತಿದ್ದೆ. ಎಲ್ಲ ಅವನೆಂದಂತೆಯೇ ನಡೆಯಿತು. ಕಡೆಗೆ ಅವನು ವೇದಿಕೆಯ ಅಂಚಿಗೆ ಬಂದು, ಕಾಕುವಿನ ಎದುರಿಗೇ ನಿಂತು, ವಸ್ತ್ರ ಕೊರಳಿಗೆ ಇಳಿಸಿ ಆಕೆಯ ಹಾಡು ಹಾಡಿದ. ಕಾಕು ಎರಡೂ ಕೈ ಗದ್ದಕ್ಕೆ ಹಚ್ಚಿಕೊಂಡು ಅವನ ತುಟಿಗಳನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಧಾರೆ. ಪಕ್ಕದ ಹೆಂಗಸಿಗೆ, "ನಂದವಾ, ಇದು ನಂದ ಹಾಡು!" ಎಂದು ಕೂಗಿ ಹೇಳಿದ್ದು ನನ್ನವರೆಗೂ ಕೇಳಿತು. ಅಲ್ಲಿಗೇ ಮುಗಿದಿದ್ದರೆ...

ಮುಗಿಯಲಿಲ್ಲ. ಹಿಂದಿದ್ದ ಹುಡುಗರಿಗೆ ತಾಯಿಯ ಹಾಡು ಯಾರಿಗೆ ಬೇಕು? "ಹಚ್ಚಲೇ! ಹಚ್ಚಲೇ!" ಎಂದು ಒದರತೊಡಗಿದರು. ಡ್ರಮ್ಮಿನವನು ಹುರುಪಿನಲ್ಲಿ ಆ ಹಾಡಿನ ಪೆಟ್ಟು ಶುರುಮಾಡಿಯೇ ಬಿಟ್ಟ. ಇವನಿಗೂ ಮೈಮೇಲೆ ಎಚ್ಚರವಿರಲಿಲ್ಲ. ಅಷ್ಟು ಜನ ತನ್ನ ಹಾಡು ಬೇಡುತ್ತಿದ್ದಾರೆ! ಜಿಗಿದು, ಮೈಕ್ ಬಾಯಿಗೆ ಹಿಡಿದು ಶುರುಮಾಡಿದ. ವಸ್ತ್ರ ಕೊರಳಲ್ಲೇ ಇತ್ತು. ನಿಂತದ್ದು ಕಾಕುವಿನ ಮುಂದೆಯೇ.

ನನ್ನ ಕೈ ಮಿಕ್ಸರಿನ ಮೇಲಿತ್ತು. ದನಿ ಕಡಿಮೆ ಮಾಡಬಹುದಿತ್ತು, ಬಂದೇ ಮಾಡಬಹುದಿತ್ತು. ಮಾಡಿ ಏನು ಉಪಯೋಗ? ಆಕೆಗೆ ದನಿ ಬೇಕಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು. ಆಕೆಯ ತುಟಿಗಳು ಅವನ ಮಾತಿನ ಜೊತೆ ಅಲುಗಿದವು, ಒಂದೊಂದೇ... ಅವ್ವಗ... ಕೇಳಂಗಿಲ್ಲ... ನಮ್ಮ ಓಣಿಯ ಒಂದಿಬ್ಬರು ಆಕೆಯತ್ತ ಕೈ ಮಾಡಿ ನಕ್ಕರು. ಕಾಕು ಎದ್ದಳು. ಕುಣಿಯುವ ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಖಾಲಿ ಕುರ್ಚಿ ಕಂಡಾಗ ಅವನ ಕೈ ಕೊರಳಿಗೆ ಹೋಯಿತು. ಬಣ್ಣ ಇಳಿದು ಹೋಯಿತು ಮುಖದ್ದು. ಆದರೂ ಹಾಡು ನಿಲ್ಲಿಸಲಿಲ್ಲ, ಪೂರ್ತಿ ಹಾಡಿ ಮುಗಿಸಿದ. ಅದೊಂದನ್ನು ನಾನು ಅವನಿಗೆ ಇವತ್ತಿಗೂ ಮಾಫ್ ಮಾಡಿಲ್ಲ.

ಬೇರೆ ಮನೆಗಳಲ್ಲಿ ಮಾತು ಬಿಟ್ಟರೆ ಮಾತು ಬಿಟ್ಟರು, ಅಷ್ಟೇ. ಈ ಮನೆಯಲ್ಲಿ ಕಾಕು ನೋಡುವುದನ್ನೇ ಬಿಟ್ಟಳು. ರೊಟ್ಟಿ ಬಡಿದು ಹಾಕುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಸಿ ಹಾಸಿಗೆಯ ಬದಿಗೆ ಇಡುತ್ತಿದ್ದಳು. ಕಣ್ಣು ಮಾತ್ರ ಅವನ ಪಾದಗಳಿಗಿಂತ ಮೇಲೆ ಏರುತ್ತಿರಲಿಲ್ಲ. ಅವನು ಮುಂದೆ ಕುಳಿತು "ಅವ್ವಾ, ಇಲ್ಲಿ ನೋಡs" ಎಂದು ಗದ್ದ ಹಿಡಿದು ಎತ್ತಿದರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಕಣ್ಣು ಮುಚ್ಚಿದ ತಾಯಿಯ ಮುಂದೆ ಕುಳಿತು ಮಾತಾಡುತ್ತಲೇ ಇರುತ್ತಿದ್ದ ಅವನು. ನಮ್ಮ ಕಟ್ಟೆಯ ಮೇಲಿನಿಂದ ನೋಡಿ ನನ್ನ ಹೆಂಡತಿ ಅತ್ತದ್ದುಂಟು.

ಒಮ್ಮೆ ಬಂದು ನನ್ನ ಕೈ ಹಿಡಿದುಕೊಂಡ. "ಅಣ್ಣಾ, ನೀವರ ಹೇಳ್ರಿ. ಒಮ್ಮಿ ನನ್ನ ಮಾರಿ ನೋಡಂತ ಹೇಳ್ರಿ." ಹೋದೆ. ಕಾಕು ನನ್ನ ಬಾಯಿಯನ್ನು ನೋಡಿದಳು, ಎಲ್ಲ ತಿಳಿದುಕೊಂಡಳು. ಆಮೇಲೆ ಎಂದಳು: "ಕೇಳಂಗಿಲ್ಲ ಅಂದಾನಲ್ಲಪಾ, ಕೇಳದಂಗs ಇರತೇನಿ. ಅವರಪ್ಪನೂ ಇದs ಬಾಯೀಲೆ ಇಲ್ಲ, ಸೇದಂಗಿಲ್ಲ ಅಂತಿದ್ದ. ಇನ್ನೊಮ್ಮಿ ಆ ಬಾಯಿ ಓದು ಅನಬ್ಯಾಡ ನನಗ." ಎದ್ದು ಬಂದೆ.

ಅವನು ಸೇದಲು ಹತ್ತಿದ್ದು ಆಗ. ಹೇಗೂ ಸೇದುತ್ತಾನೆಂದು ಅವ್ವನೇ ನಂಬಿದ ಮೇಲೆ ಯಾರಿಗಾಗಿ ಬಿಡಬೇಕು ಎಂದನಂತೆ. ದರಿದ್ರ ತರ್ಕ! ಹಾಡಿಗಾಗಿ ಹುಟ್ಟಿದ್ದು ಮೈಗೆ ಅಂಟಿಕೊಂಡಿತು. ಎಲ್ಲಿ ಹಾಡಲು ಹೋದರೂ ಅದೊಂದೇ ಹಾಡು ಕೇಳುತ್ತಿದ್ದರು, ಹಾಡಿದ ಮೇಲೆ ಅದನ್ನೇ ತಂದು ಕೈಗಿಡುತ್ತಿದ್ದರು. ಪೊಲೀಸರು ಒಮ್ಮೆ ಎತ್ತಿಕೊಂಡು ಹೋಗಿ ಬಿಟ್ಟರು. ಗಿಟಾರಿನವನು ಅಪ್ಪನ ಕಿರಾಣಿ ಅಂಗಡಿ ಹಿಡಿದ, ಡ್ರಮ್ಮಿನವನು ಬರುವುದು ಬಿಟ್ಟ. ಹಾಡು ಎಲ್ಲರ ಮೊಬೈಲಿನಲ್ಲಿ ಉಳಿಯಿತು, ಹಾಡುಗಾರ ನಮ್ಮ ಓಣಿಯ ಕಟ್ಟೆಗಳ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಿದ್ದಿರತೊಡಗಿದ. ಆಗಲೂ ಕಾಕು ಅವನ ತಾಟಿಗೆ ರೊಟ್ಟಿ ಮುಚ್ಚಿಡುತ್ತಿದ್ದಳು.

ಕಾಕುವಿಗೆ ಸಕ್ಕರೆ ಬೇನೆ ಇತ್ತು. ಅದು ಮೆಲ್ಲಗೆ ಕಣ್ಣಿಗೆ ಇಳಿಯಿತು. ಯಾರಿಗೂ ತಿಳಿಯಲಿಲ್ಲ ನೋಡಿ! ಬರಬರುತ್ತ ಯಾರ ಮುಖವನ್ನೂ ನೋಡದೆ ತಲೆ ಬಗ್ಗಿಸಿ ಇರುವವಳ ಕಣ್ಣು ಹೋದರೆ ಯಾರಿಗೆ ತಿಳಿಯಬೇಕು? ಒಂದು ಮುಂಜಾನೆ ಚಹಾ ಸೋಸುವಾಗ ಕಪ್ಪಿನ ಹೊರಗೇ ಸುರಿದಳಂತೆ, ಸುರಿಯುತ್ತಲೇ ಇದ್ದಳಂತೆ. ಅವನು ಎದುರಿಗೆ ಕುಳಿತಿದ್ದ. ಮುಖದ ಮುಂದೆ ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ.

ಜಮಖಂಡಿಗೆ ಒಯ್ದ, ಬಾಗಲಕೋಟೆಗೆ ಒಯ್ದ. ತಡವಾಯಿತು ಎಂದರು ಎಲ್ಲ ಕಡೆ. ಬಾಗಲಕೋಟೆಯಿಂದ ಬಂದ ದಿನವೇ ಅವನು ಸೊಪ್ಪು ಬಿಟ್ಟ. ನಾನು ನಂಬಲಿಲ್ಲ, ಎಷ್ಟು ದಿನ ಎಂದು ಮೂಗು ಮುರಿದೆ. ಬೆವತ, ನಡುಗಿದ, ಗೋಡೆಗೆ ತಲೆ ಬಡಿದುಕೊಂಡ, ಆದರೆ ಬಿಟ್ಟ. ಶೆಡ್ಡಿಗೆ ಹೋಗಿ ತಾಯಿಯ ಮಗ್ಗಕ್ಕೇ ನಿಂತ. ತಾನೇ ರೊಟ್ಟಿ ಬಡಿಯಲು ಕಲಿತ, ತಾಯಿಗೆ ನೀರೆರೆದ, ತಲೆ ಬಾಚಿದ. ಕಾಕುವಿನ ಸಿಟ್ಟೂ ಅಷ್ಟರಲ್ಲಿ ಸವೆದಿತ್ತೇನೋ, ಅವನು ಹತ್ತಿರ ಬಂದರೆ ತಡಕಾಡಿ ತಲೆ ಸವರುತ್ತಿದ್ದಳು. ಒಂದು ಮಾತನ್ನು ಮಾತ್ರ ಎಲ್ಲರ ಮುಂದೆ ಹೇಳುತ್ತಿದ್ದಳು: "ನಾ ಕಣ್ಣು ಮುಚ್ಚಿದ ಮ್ಯಾಲ ಇವನೂ ಅಪ್ಪನಂಗ ಹೊಳಿಗೆ ಹೋಗತಾನ. ನನ್ನ ಮಗ ಉಳಿಯಂಗಿಲ್ಲ." ಅವನು ಬಿಟ್ಟಿದ್ದಾನೆ ಎಂಬುದನ್ನು ಆಕೆಗೆ ಹೇಳುವುದು ಹೇಗೆ? ಕಿವಿಯಿಲ್ಲ, ಈಗ ಕಣ್ಣೂ ಇಲ್ಲ. ಅಂಗಿ ಮೂಗಿಗೆ ಹಿಡಿದರೆ, ಅವರಪ್ಪನೂ ಅಂಗಿ ಬದಲಿಸಿಯೇ ಬರುತ್ತಿದ್ದ ಎಂದು ಸರಿಸುತ್ತಿದ್ದಳು. ಅಕ್ಷರವನ್ನಂತೂ ಕಲಿತವಳೇ ಅಲ್ಲ.

ಕಿವಿಗೆ ಹಾಕುವ ಮಷೀನು ತಂದ. ತಲೆಯಲ್ಲಿ ದುಂಬಿ ಹೊಕ್ಕಂತಾಗುತ್ತದೆ ಎಂದು ಕಿತ್ತು ಇಟ್ಟಳು. ಆಕೆಯ ಕೈಯನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡು "ಬಿಟ್ಟೇನವ್ವಾ, ಬಿಟ್ಟೇನಿ" ಎಂದ. ಎಳೆ ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳು, ಬೇನೆಯಿಂದ ಮರಗಟ್ಟಿ ಹೋಗಿದ್ದವು. "ಹಸಿದಿಯೇನೋ? ಬುಟ್ಟ್ಯಾಗ ರೊಟ್ಟಿ ಅದಾವ ನೋಡು" ಎಂದಳು. ಅವನು ಎದ್ದು ನಮ್ಮ ಮನೆಗೆ ಬಂದು, ಹೊಸ್ತಿಲಲ್ಲಿ ಕುಳಿತು, ಚಿಕ್ಕ ಮಕ್ಕಳು ಅಳುವ ಹಾಗೆ ಅತ್ತ.

ಆಮೇಲೆ ಕಣ್ಣೊರೆಸಿಕೊಂಡು ಎಂದ: "ಅಣ್ಣಾ, ನಿಮ್ಮ ದೊಡ್ಡ ಬಾಕ್ಸ್ ತರ್ರಿ. ಇದ್ದದ್ದೆಲ್ಲಾ ತರ್ರಿ."

ಇದರಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಡೀ ಜೀವ ಸದ್ದಿನ ಜೊತೆ ಕಳೆದವನಿಗೆ ಅಷ್ಟೂ ತಿಳಿಯುವುದಿಲ್ಲವೇ? ಆದರೆ ಆ ಮುಖ ನೋಡಿ ಹೇಗೆ ಇಲ್ಲ ಎನ್ನಲಿ? ದಿನವಿಡೀ ಕರೆಂಟ್ ತೆಗೆಯುತ್ತಾರೆಂದು ಹೇಳಿದ್ದ ಒಂದು ದಿನ, ಮಗ್ಗಗಳೆಲ್ಲ ನಿಂತು ಓಣಿ ಸುಮ್ಮನಿದ್ದಾಗ, ಜನರೇಟರು ತಂದು ಹಚ್ಚಿದೆ. ಆಳೆತ್ತರದ ಎರಡು ಸ್ಪೀಕರ್ ಬಾಕ್ಸುಗಳನ್ನು ಕಾಕುವಿನ ಹೊರಸಿನ ಎರಡೂ ಬದಿಗೆ ನಿಲ್ಲಿಸಿದೆವು. ಆ ಸಣ್ಣ ಕೋಣೆಯಲ್ಲಿ ನಮಗೆ ನಿಲ್ಲಲು ಜಾಗವಿರಲಿಲ್ಲ. ನಾನು ಬಾಗಿಲಲ್ಲಿ ಕುಳಿತು ದನಿಯನ್ನು ಪೂರ್ತಿ ಏರಿಸಿದೆ. ಅವನು ತಾಯಿಯ ಕಾಲ ಬಳಿ ಕುಳಿತು ಮೈಕ್ ಬಾಯಿಗೆ ಹಿಡಿದ.

"ಅವ್ವಾ... ಬಿಟ್ಟೇನವ್ವಾ. ಖರೇನ ಬಿಟ್ಟೇನಿ. ಅಪ್ಪನಂಗ ಹೋಗಂಗಿಲ್ಲ ನಾ."

ಗೂಡಿನಲ್ಲಿಟ್ಟ ಪಾತ್ರೆಗಳು ಉದುರಿ ಬಿದ್ದವು. ಮಾಳಿಗೆಯ ಮಣ್ಣು ನಮ್ಮ ತಲೆಯ ಮೇಲೆ ಸುರಿಯಿತು. ಓಣಿಯ ಬಾಗಿಲುಗಳೆಲ್ಲ ತೆರೆದವು, ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತರು. ಆಚೆ ಓಣಿಯವರೂ ಬಂದರು. ಅವನು ಮತ್ತೆ ಹೇಳಿದ, ಮತ್ತೆ ಹೇಳಿದ, ದನಿ ಒಡೆದು ಹೋಗುವವರೆಗೆ ಹೇಳಿದ. ಹೊರಗೆ ನಿಂತವರು ಸೆರಗು ಬಾಯಿಗೆ ಹಚ್ಚಿಕೊಂಡಿದ್ದರು.

ಕಾಕು ತಲೆ ಎತ್ತಿದಳು. ಹೊರಸಿನ ಕಟ್ಟಿಗೆಯ ಮೇಲೆ ಅಂಗೈ ಊರಿ ಅದು ಅದುರುವುದನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಆ ಮುಖ ಅರಳಿತು.

"ಕರೆಂಟ್ ಬಂತೇನೋ? ಮಗ್ಗ ಚಾಲೂ ಆದವು ನೋಡು" ಎಂದಳು. "ಏಳು, ಹೋಗು ಕೆಲಸಕ್ಕ. ಸಾವಕಾರ್ರು ಬೈತಾರ."

ನಾನು ಸ್ವಿಚ್ ತೆಗೆದೆ. ಅದೇ ಚಳಿಗಾಲದಲ್ಲಿ ಕಾಕು ಹೋದಳು. ಹೋಗುವ ಮೊದಲೂ ತಲೆದೆಸೆಯಲ್ಲಿ ಕುಳಿತವರಿಗೆ ಅದನ್ನೇ ಹೇಳಿದಳು, ನನ್ನ ಮಗ ಉಳಿಯಂಗಿಲ್ಲ ಎಂದು. ಅವಳ ಕೈ ಅವನ ಕೈಯಲ್ಲೇ ಇತ್ತು...

ಈಗ ಅವನು ದಿನಾ ಮಗ್ಗಕ್ಕೆ ಹೋಗುತ್ತಾನೆ, ಬರುತ್ತಾನೆ. ಹಾಡುವುದಿಲ್ಲ. ಎದುರಿಗೆ ಸಿಕ್ಕರೆ "ಅರಾಮ ಅದೀರೇನ್ರಿ ಅಣ್ಣಾ" ಎನ್ನುತ್ತಾನೆ, ಅಷ್ಟೇ. ಅವನು ಇವತ್ತಿನವರೆಗೂ ಅದನ್ನು ಮುಟ್ಟಿಲ್ಲ. ಓಣಿಗೆಲ್ಲ ಗೊತ್ತು, ಆಚೆ ಓಣಿಗೂ ಗೊತ್ತು. ಕಾಕುವಿಗೆ ಮಾತ್ರ ಗೊತ್ತಾಗಲಿಲ್ಲ.